ಮೂರು ಬಕೆಟ್ಟಿನ ಅಕ್ಕ

ಹೋದ ತಿಂಗಳು ನಮ್ಮ ನರ್ಸಿಂಗ್ ಹೋಮಿನಲ್ಲಿ ಅಕ್ಕನಿಗೆ ಬೀಳ್ಕೊಡುಗೆ ಮಾಡಿದೆವು. ಶಾಲು, ಹಾರ, ಹಣ್ಣಿನ ಬುಟ್ಟಿ, ಕಾಕ್ಸ್ ಟೌನಿನ ಬೇಕರಿಯಿಂದ ತರಿಸಿದ ಪ್ಲಮ್ ಕೇಕು, ಯಾವುದಕ್ಕೂ ಕೊರತೆ ಇರಲಿಲ್ಲ. ದೊಡ್ಡ ಡಾಕ್ಟರು ಮೈಕು ಹಿಡಿದು, ‘ಇಷ್ಟು ವರ್ಷ ನಮ್ಮ ಆಸ್ಪತ್ರೆಯ ಕ್ಲೀನಿಂಗ್ ನೋಡಿಕೊಂಡವರು’ ಎಂದು ಶುರುಮಾಡಿದರು. ಅಷ್ಟರಲ್ಲಿ ಹಾರದ ಹಿಂದಿನಿಂದ ಅಕ್ಕನ ದನಿ ಬಂತು.

‘ಕ್ಲೀನಿಂಗ್ ಒಂದೇ ಅಲ್ಲ ಡಾಕ್ಟ್ರೇ. ಮೂರು.’

‘ಹೌದಮ್ಮ, ಮೂರು. ಮರ್ತಿದ್ದೆ’ ಎಂದು ಡಾಕ್ಟರು ನಕ್ಕರು. ಹಳಬರೆಲ್ಲ ಚಪ್ಪಾಳೆ ತಟ್ಟಿದೆವು. ಹೊಸದಾಗಿ ಸೇರಿದ ನರ್ಸುಗಳು ಮಾತ್ರ, ಇದೇನು ಮೂರರ ಲೆಕ್ಕ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ತಿಳಿಯಲಿ ಎಂದು ಇದನ್ನು ಬರೆಯಲು ಕೂತಿದ್ದೇನೆ. ಅವರಿಗಾಗಿ ಎನ್ನುವುದು ಅರ್ಧ ನೆಪ. ಅಕ್ಕನ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದ್ದೇನೆ, ಅದನ್ನು ಎಲ್ಲಾದರೂ ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ, ‘ಹೆಸ್ರು ಯಾಕೆ ಮೇಡಂ, ಕೆಲ್ಸ ಬರೀರಿ’ ಎಂದು ಬೈಯುತ್ತಾರೆ. ನಮಗೆಲ್ಲ ಅವರು ಅಕ್ಕ. ಬೆನ್ನ ಹಿಂದೆ ಮೂರು ಬಕೆಟ್ಟಿನ ಅಕ್ಕ.

ನಮ್ಮದು ಲಿಂಗರಾಜಪುರದ ಒಂದು ಅಡ್ಡರಸ್ತೆಯಲ್ಲಿರುವ, ಹೆಚ್ಚಾಗಿ ಹೆರಿಗೆಗೆ ಬರುವವರ ಸಣ್ಣ ನರ್ಸಿಂಗ್ ಹೋಮ್. ನಾನು ಆಫೀಸು ನೋಡಿಕೊಳ್ಳುವವಳು. ಅಕ್ಕ ಆಯಾ ಆಗಿ ಸೇರಿ, ನಾನು ಬರುವ ಹೊತ್ತಿಗೆ ಹೌಸ್‌ಕೀಪಿಂಗಿಗೆಲ್ಲ ಮೇಲ್ವಿಚಾರಕಿಯಾಗಿದ್ದರು. ಗಿಡ್ಡ ಮೈಕಟ್ಟು. ಸೀರೆಯ ಅಂಚು ನೆಲಕ್ಕೆ ತಾಗದಂತೆ ಗೇಣುದ್ದ ಮೇಲೆ ಕಟ್ಟುತ್ತಿದ್ದರು. ಕೈಗಡಿಯಾರದ ಮುಖ ಯಾವಾಗಲೂ ಮಣಿಕಟ್ಟಿನ ಒಳಗಡೆಗೆ. ದಿನವೆಲ್ಲ ಔಷಧಿ ನೀರಿನ ನಡುವೆ ಇದ್ದರೂ ಅವರ ಹತ್ತಿರ ಯಾವ ವಾಸನೆಯೂ ಸುಳಿಯುತ್ತಿರಲಿಲ್ಲ. ವಾಸನೆಯ ಮೇಲೆ ಅವರಿಗೆ ನಂಬಿಕೆಯೂ ಇರಲಿಲ್ಲ. ‘ಫಿನಾಯಿಲ್ ವಾಸ್ನೆ ಬಂತು ಅಂದ್ರೆ ಕ್ಲೀನ್ ಆಯ್ತು ಅನ್ಕೋತಾರೆ ಜನ. ಅದು ಬರೀ ಅಂಗಡಿ ಬೋರ್ಡು. ಒಳಗೆ ಸಾಮಾನಿದ್ಯಾ ಇಲ್ವಾ ನೋಡ್ಬೇಕಲ್ವಾ?’ ಎನ್ನುತ್ತಿದ್ದರು.

ಅವರ ಊರು ಕೆ.ಆರ್. ಪುರದಾಚೆ. ಒಂದು ಕಾಲಕ್ಕೆ ಸೊಪ್ಪು ಬೆಳೆದು ರಸೆಲ್ ಮಾರುಕಟ್ಟೆಗೆ ಕಳಿಸುತ್ತಿದ್ದ ಹಳ್ಳಿ. ಈಗ ಸುತ್ತ ಅಪಾರ್ಟ್‌ಮೆಂಟುಗಳೆದ್ದು ಊರು ನಡುವೆ ಸಿಕ್ಕಿಕೊಂಡಿದೆ. ಬೆಳಿಗ್ಗೆ ಪ್ಯಾಸೆಂಜರ್ ರೈಲಿನಲ್ಲಿ ಬಂದು ಈಸ್ಟ್ ಸ್ಟೇಷನ್ನಿನಲ್ಲಿ ಇಳಿದು ಆಸ್ಪತ್ರೆಗೆ ನಡೆದು ಬರುತ್ತಿದ್ದರು. ಮಳೆ ಇರಲಿ ಬಿಸಿಲಿರಲಿ, ಕಂಕುಳಲ್ಲಿ ಒಂದು ಕಪ್ಪು ಕೊಡೆ. ಈ ಕೊಡೆಯ ಮಾತು ಮುಂದೆ ಬರುತ್ತದೆ.

ಈಗ ಆ ಮೂರರ ಕಥೆ. ಆಸ್ಪತ್ರೆಗೆ ಗುಣಮಟ್ಟದ ಸರ್ಟಿಫಿಕೇಟು ಬೇಕೆಂದು ಒಂದು ವರ್ಷ ದೊಡ್ಡ ಓಡಾಟ ನಡೆಯಿತು. ಎಲ್ಲಿಂದಲೋ ಇಂಗ್ಲಿಷಿನ ಚಾರ್ಟೊಂದು ಬಂತು. ಕ್ಲೀನಿಂಗ್, ಸ್ಯಾನಿಟೈಸಿಂಗ್, ಡಿಸ್‌ಇನ್ಫೆಕ್ಟಿಂಗ್ ಎಂದು ಮೂರು ಸಾಲು, ಪ್ರತಿಯೊಂದರ ಎದುರು ಯಾವ ಜಾಗಕ್ಕೆ ಯಾವುದು ಎಂಬ ಪಟ್ಟಿ. ಅದನ್ನು ಕನ್ನಡ ಮಾಡುವ ಕೆಲಸ ನನ್ನ ಪಾಲಿಗೆ ಬಿತ್ತು. ಪಿಯುಸಿಯಲ್ಲಿ ಕನ್ನಡಕ್ಕೆ ತೊಂಬತ್ತರ ಮೇಲೆ ತೆಗೆದವಳು ನಾನು, ಆ ಜಂಬ ಇನ್ನೂ ಇಳಿದಿರಲಿಲ್ಲ. ಸ್ವಚ್ಛಗೊಳಿಸುವುದು, ಶುಚಿಗೊಳಿಸುವುದು, ಶುದ್ಧೀಕರಿಸುವುದು ಎಂದು ಘನವಾದ ಮೂರು ಪದ ಬರೆದು, ಬಣ್ಣದಲ್ಲಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದೆ.

ಅಕ್ಕ ಅದರ ಮುಂದೆ ನಿಂತು ಅಕ್ಷರಕ್ಕೆ ಬೆರಳಿಟ್ಟು ಓದಿದರು.

‘ಮೇಡಂ, ಮೂರೂ ಒಂದೇ ತಾನೆ?’

‘ಇಲ್ಲ ಅಕ್ಕ, ಬೇರೆ ಬೇರೆ.’

‘ಏನು ಬೇರೆ?’

ಪದ ಹುಡುಕುವ ಸಂಭ್ರಮದಲ್ಲಿ ಅರ್ಥ ಹುಡುಕುವುದು ಮರೆತುಹೋಗಿತ್ತು. ಅಕ್ಕನ ಬೆರಳು ಕೊನೆಯ ಪದದ ಮೇಲೆ ನಿಂತಿತ್ತು.

‘ಇದೊಂದು ನಂಗೆ ಗೊತ್ತು. ಶುದ್ಧೀಕರಣ. ನಮ್ಮಪ್ಪ ಒಂದ್ಸಲ ಊರ ದೇವಸ್ಥಾನದೊಳಗೆ ಕಾಲಿಟ್ಬಿಟ್ಟಿದ್ರು. ಆಮೇಲೆ ಮಾಡಿದ್ರಲ್ಲ, ಅದು. ಇಲ್ಲಿ ಆ ಪದ ಬೇಡ ಮೇಡಂ. ನಮ್ ಹುಡ್ಗೀರಿಗೆ ಗೊಂದಲ ಆಗುತ್ತೆ.’

ಇಷ್ಟನ್ನೂ ಅವರು ಬಕೆಟ್ಟಿನ ಹಿಡಿ ಮುರಿದಿದೆ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದರು. ನಾನು ಅಂದೇ ಆ ಕಾಗದ ಕಿತ್ತು ಹಾಕಿದೆ. ಮಾರನೆಯ ದಿನ ಅಕ್ಕನೇ ಮೂರು ಪದ ತಂದರು, ರೈಲಿನಲ್ಲಿ ಕೂತು ಯೋಚಿಸಿದ್ದಂತೆ.

‘ತೊಳಿ, ತಗ್ಗಿಸು, ತೀರಿಸು. ಬರ್ಕೊಳ್ಳಿ ಮೇಡಂ. ಕಣ್ಣಿಗೆ ಕಾಣೋ ಕೊಳೆ ತೆಗೆಯೋದು ತೊಳೆಯೋದು. ಸೋಪು, ನೀರು, ಚೆನ್ನಾಗ್ ಉಜ್ಜೋದು. ಕಣ್ಣಿಗೆ ಕಾಣದ ಕ್ರಿಮಿ ಇರ್ತವಲ್ಲ, ಅವನ್ನ ತೊಂದ್ರೆ ಕೊಡದಷ್ಟಕ್ಕೆ ಇಳ್ಸೋದು ತಗ್ಗಿಸೋದು. ಅಡುಗೆಮನೆ ಕಟ್ಟೆ, ತರಕಾರಿ ಹೆಚ್ಚೋ ಮಣೆ, ಕುಡಿಯೋ ಲೋಟ, ಇಂಥವಕ್ಕೆ. ಇನ್ನು ರಕ್ತ ಬಿದ್ದಿರುತ್ತೆ, ವಾಂತಿ ಆಗಿರುತ್ತೆ, ಹೆರಿಗೆ ಟೇಬಲ್ಲು, ಕಕ್ಕಸು. ಅಲ್ಲಿ ಬಾಕಿ ಇಟ್ಕೋಬಾರ್ದು, ತೀರಿಸಿಬಿಡ್ಬೇಕು.’

ತೊಳೆಯಲು ಹಸಿರು ಬಕೆಟ್, ತಗ್ಗಿಸಲು ಹಳದಿ, ತೀರಿಸಲು ಕೆಂಪು. ಒಂದರ ಬಟ್ಟೆ ಇನ್ನೊಂದಕ್ಕೆ ಇಳಿಯುವಂತಿಲ್ಲ. ಹಸಿರು ದಾಟದೆ ಕೆಂಪಿಗೆ ಹೋಗುವಂತಿಲ್ಲ. ‘ಕೊಳೆ ಹಂಗೇ ಇಟ್ಕೊಂಡು ಮೇಲೆ ಔಷಧಿ ಸುರಿದ್ರೆ, ಔಷಧಿ ಕೊಳೆ ಜೊತೆ ಜಗಳ ಆಡೀ ಆಡೀ ಸುಸ್ತಾಗುತ್ತೆ. ಕ್ರಿಮಿ ಅಡಿಯಲ್ಲಿ ಹಾಯಾಗಿ ಮಲ್ಗಿರುತ್ತೆ’ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದರು. ಸರ್ಟಿಫಿಕೇಟು ಕೊಡಲು ಬಂದ ಅಧಿಕಾರಿ ಒಬ್ಬ ಕೆಲಸದವಳನ್ನು ಮೂಲೆಗೆ ಕರೆದು ಪ್ರಶ್ನೆ ಕೇಳಿದಾಗ ಅವಳು ಮೂರನ್ನೂ ಮಗ್ಗಿಯಂತೆ ಒಪ್ಪಿಸಿದಳು. ಆತ ನನ್ನನ್ನು ನೋಡಿ, ‘ಕನ್ನಡ ಚೆನ್ನಾಗಿದೆ ಮೇಡಂ, ಯಾರು ಬರೆದದ್ದು?’ ಎಂದರು. ಅಕ್ಕನ ಕಡೆ ಕೈ ತೋರಿಸುವಾಗ ನನ್ನ ತೊಂಬತ್ತು ಚಿಲ್ಲರೆ ಅಂಕ ಎಲ್ಲಿ ಹೋಯಿತೋ.

ಅವರ ಇನ್ನೊಂದು ಹಟ ಹತ್ತು ನಿಮಿಷದ್ದು. ಕೆಂಪು ಬಕೆಟ್ಟಿನ ಔಷಧಿ ಬಳಿದ ಮೇಲೆ ಆ ಜಾಗ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒದ್ದೆಯಾಗಿಯೇ ಇರಬೇಕು. ನಮ್ಮಲ್ಲಿದ್ದ ಔಷಧಿಗೆ ಅದು ಹತ್ತು ನಿಮಿಷ. ಬಳಿದ ಕೂಡಲೇ ಒರೆಸಿದರೆ ಹೊಳಪು ಬರುತ್ತದೆ, ಕ್ರಿಮಿ ಸಾಯುವುದಿಲ್ಲ. ‘ಮೇಲೆ ಥಳುಕು ಒಳಗೆ ಹುಳುಕು’ ಎನ್ನುತ್ತ ಮಣಿಕಟ್ಟು ತಿರುಗಿಸಿ ಗಡಿಯಾರ ನೋಡುತ್ತ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಡಾಕ್ಟರು ಬಂದರೂ ಬಿಡುತ್ತಿರಲಿಲ್ಲ. ಸಿಸಿ ಕ್ಯಾಮೆರಾ ಹಾಕಿಸಿದ ಹೊಸದರಲ್ಲಿ ದೊಡ್ಡ ಡಾಕ್ಟರು ಅವರನ್ನು ಕರೆಸಿದರು. ನಾನೂ ಅಲ್ಲೇ ಇದ್ದೆ.

‘ಏನಮ್ಮ ಇದು, ದಿನಾ ನೋಡ್ತಿದೀನಿ, ಹತ್ತತ್ತು ನಿಮಿಷ ಸುಮ್ನೆ ನಿಂತಿರ್ತೀರಾ?’

‘ನಾನ್ ನಿಂತಿರ್ತೀನಿ ಸಾರ್. ಅದು ಕೆಲ್ಸ ಮಾಡ್ತಾ ಇರುತ್ತೆ.’

ಡಾಕ್ಟರು ಪರದೆಯ ಕಡೆ ತಿರುಗಿ ಆ ಹತ್ತು ನಿಮಿಷವನ್ನು ಇನ್ನೊಮ್ಮೆ ನೋಡಿದರು.

ಅಕ್ಕನ ಕೈಕೆಳಗೆ ಕೆಲಸ ಮಾಡುತ್ತಿದ್ದವರು ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯಿಂದ ಬಂದು ಲಿಂಗರಾಜಪುರದಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಇರುವವರು. ಯಾದಗಿರಿಯ ಒಬ್ಬ ಹೆಣ್ಣುಮಗಳು ಬಲು ಉತ್ಸಾಹಿ. ಒಂದು ಬೆಳಿಗ್ಗೆ ಕಕ್ಕಸಿನ ಕಲೆ ಹೋಗಲಿಲ್ಲವೆಂದು ಬ್ಲೀಚಿನ ನೀರಿಗೆ ಆಸಿಡ್ಡನ್ನೂ ಸುರಿದುಬಿಟ್ಟಳು. ಕ್ಷಣದಲ್ಲಿ ಕಣ್ಣು ಗಂಟಲು ಉರಿಯುವ ಹೊಗೆ ಎದ್ದಿತು. ಅಕ್ಕ ಸೆರಗನ್ನು ಮೂಗಿಗೆ ಒತ್ತಿಕೊಂಡು ನುಗ್ಗಿ ಅವಳನ್ನು ರಟ್ಟೆ ಹಿಡಿದು ಎಳೆದುತಂದು, ಕಿಟಕಿ ಬಾಗಿಲು ತೆಗೆಸಿ, ಆ ಕಡೆ ಯಾರೂ ಹೋಗದಂತೆ ನಿಲ್ಲಿಸಿದರು. ಅವಳು ಮೆಟ್ಟಿಲ ಮೇಲೆ ಕೂತು ಕೆಮ್ಮುತ್ತ ಅಳುತ್ತಿದ್ದಳು.

‘ಎರಡೂ ಕೂಡಿಸಿದ್ರ ಭಾಳ ಜೋರ್ ಆಗ್ತದಂತ ಮಾಡೀನ್ರಿ ಅಕ್ಕಾ.’

‘ಜೋರೇನೋ ಆಯ್ತಲ್ಲಮ್ಮ, ನೀನೇ ಹೋಗ್ಬಿಡ್ತಿದ್ದೆ.’ ಅಕ್ಕ ಅವಳ ಬೆನ್ನು ಸವರುತ್ತಿದ್ದರು. ‘ಅತ್ತೆ ಒಳ್ಳೆಯವ್ರು, ಸೊಸೆ ಒಳ್ಳೆಯವ್ಳು. ಒಂದೇ ಅಡುಗೆಮನೆಗೆ ಬಿಟ್ರೆ? ಹಂಗೇ ಇದೂನೂ. ಯಾವತ್ತೂ ಕೂಡಿಸ್ಬೇಡ.’

ಅವಳು ಅಳುವಿನ ನಡುವೆಯೇ ನಕ್ಕಳು. ಈಗ ಅಕ್ಕನ ಜಾಗಕ್ಕೆ ಬಂದಿರುವವಳು ಅವಳೇ. ಹೊಸಬರಿಗೆ ಅತ್ತೆ ಸೊಸೆಯ ಪಾಠವನ್ನು ಯಾದಗಿರಿ ಕನ್ನಡದಲ್ಲಿ ಹೇಳುತ್ತಾಳೆ, ಕೇಳಲು ಇನ್ನೂ ಚೆಂದ.

ಕೊರೊನಾ ಬಂದಾಗ ಲೋಕಕ್ಕೆಲ್ಲ ಕೆಂಪು ಬಕೆಟ್ಟಿನ ಹುಚ್ಚು ಹಿಡಿಯಿತು. ಪಕ್ಕದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಾಚ್‌ಮನ್ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು, ಒಳಗೆ ಬರುವ ಕೆಲಸದವರ ಮೈಮೇಲೆಲ್ಲ ಬ್ಲೀಚಿನ ನೀರು ಹೊಡೆಯುತ್ತಿದ್ದ. ಮನೆಯವರು ಬಂದರೆ ಹೊಡೆಯುತ್ತಿರಲಿಲ್ಲ. ಅಕ್ಕ ಇದನ್ನು ನೋಡಿ ರಸ್ತೆ ದಾಟಿ ಹೋದರು. ಅವರು ಜೋರು ದನಿ ಮಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

‘ಏಯ್, ನಿಲ್ಸಪ್ಪಾ! ಮನುಷ್ಯರ ಮೇಲೆ ಹೊಡೆಯೋದಾ ಅದು? ಮೇಜು ಕುರ್ಚಿಗೆ ಹಾಕೋದು. ಮನುಷ್ಯರೇನು ಸರ್ಫೇಸಾ?’

‘ಏನ್ ಮಾಡ್ಲಿ ಅಕ್ಕಾ, ಅಸೋಸಿಯೇಶನ್ ಆರ್ಡರು.’

‘ಆರ್ಡರ್ ಕೊಟ್ಟೋರ ಮೇಲೆ ಮೊದ್ಲು ಹೊಡಿ. ಚರ್ಮ ಉರಿದ್ರೆ ಅವ್ರೇ ನಿಲ್ಲಿಸ್ತಾರೆ.’

ಆ ದಿನ ನಾನು ಆಫೀಸಿನ ಕಿಟಕಿಯಿಂದ ನೋಡುತ್ತಿದ್ದೆ. ಹೆಮ್ಮೆಪಟ್ಟು ಮನೆಗೆ ಹೋಗಿ ಅಮ್ಮನಿಗೂ ಹೇಳಿದ್ದೆ. ‘ಮನುಷ್ಯರೇನು ಸರ್ಫೇಸಾ’ ಎಂಬ ಮಾತು ನಮ್ಮ ಮನೆಗೇ ಹುಡುಕಿಕೊಂಡು ಬರುತ್ತದೆಂದು ಆಗ ಹೊಳೆದಿರಲಿಲ್ಲ.

ಅಮ್ಮನ ಬಗ್ಗೆ ಹೇಳಬೇಕು. ಕಾಕ್ಸ್ ಟೌನಿನ ಹಳೆಯ ಬಾಡಿಗೆ ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಅಮ್ಮನದು ಕಟ್ಟುನಿಟ್ಟಿನ ಮಡಿ. ನಾನು ಆಸ್ಪತ್ರೆಯಿಂದ ಬಂದರೆ ಸ್ನಾನ ಮಾಡದೆ ಒಂದು ಚಮಚವನ್ನೂ ಮುಟ್ಟುವಂತಿಲ್ಲ. ಹೊರಗೆ ಎಲ್ಲಿಗೆ ಹೋದರೂ ಮನೆಯ ನೀರಿನ ಬಾಟಲಿ ಅಮ್ಮನ ಚೀಲದಲ್ಲಿ ಇರಲೇಬೇಕು. ಮದುವೆಮನೆಯಾಗಲಿ ನೆಂಟರ ಮನೆಯಾಗಲಿ, ಬೇರೆಯವರ ಲೋಟದಲ್ಲಿ ಅಮ್ಮ ನೀರು ಕುಡಿದದ್ದನ್ನು ನಾನು ಕಂಡಿಲ್ಲ. ಉಳಿದಂತೆ ಅಮ್ಮ ಕೆಟ್ಟವಳಲ್ಲ. ಬೀದಿಯ ಯಾರ ಮನೆಯಲ್ಲಿ ಜ್ವರ ಬಂದರೂ ಗಂಜಿ ಕಳಿಸುತ್ತಾಳೆ. ಪಾತ್ರೆಯನ್ನು ವಾಪಸ್ ತೆಗೆದುಕೊಳ್ಳುವಾಗ ಮಾತ್ರ ಎರಡು ಚೊಂಬು ನೀರು ಸುರಿಸುತ್ತಾಳೆ.

ಮೂರು ವರ್ಷದ ಹಿಂದೆ ಅಮ್ಮನ ಎದೆಯಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಯಿತು, ಕೀಮೋ ಶುರುವಾಯಿತು. ಮೈಯಲ್ಲಿ ಬಿಳಿ ರಕ್ತಕಣ ತೀರಾ ಇಳಿದಿದೆ, ಸಣ್ಣ ಸೋಂಕು ತಗುಲಿದರೂ ಪ್ರಾಣಕ್ಕೆ ಬರಬಹುದು ಎಂದು ಡಾಕ್ಟರು ಎಚ್ಚರಿಸಿದರು. ಅಂಗಡಿಯಲ್ಲಿ ಸಿಕ್ಕ ಔಷಧಿಯನ್ನೆಲ್ಲ ತಂದು ಮನೆಗೆ ಬಳಿದೆ. ನೆಲಕ್ಕೆ, ಗೋಡೆಗೆ, ಅಮ್ಮನ ಮಂಚಕ್ಕೆ, ಕೊನೆಗೆ ತುಳಸಿಕಟ್ಟೆಗೂ. ಆ ಘಾಟಿಗೆ ಅಮ್ಮ ಇನ್ನಷ್ಟು ವಾಂತಿ ಮಾಡಿಕೊಂಡಳು. ಆಸ್ಪತ್ರೆಯಲ್ಲಿ ಅಕ್ಕನ ಎದುರು ಅತ್ತುಬಿಟ್ಟೆ.

‘ಭಾನುವಾರ ಬರ್ತೀನಿ ಬಿಡಿ’ ಎಂದರು.

ಬಂದರು. ಕೈ ತೊಳೆದು, ಮಾಸ್ಕು ಹಾಕಿಕೊಂಡು, ಮನೆಯನ್ನೆಲ್ಲ ಒಂದು ಸುತ್ತು ನೋಡಿದರು. ‘ನೆಲಕ್ಕೆ ಸೋಪಿನ ನೀರು ಸಾಕು ಮೇಡಂ, ಹಸಿರು. ಅಮ್ಮ ಉಣ್ಣೋ ತಟ್ಟೆ, ಲೋಟ, ಹೆಚ್ಚೋ ಮಣೆ ತೊಳೆದ್ಮೇಲೆ ಕುದಿಯೋ ನೀರು ಹಾಕಿ ಹಂಗೇ ಒಣಗಕ್ಕೆ ಬಿಡಿ, ಹಳದಿ. ಕಕ್ಕಸು, ನಲ್ಲಿ, ಬಾಗಿಲ ಚಿಲಕ, ಅಷ್ಟಕ್ಕೇ ಕೆಂಪು. ಎಲ್ಲಾ ಕಡೆ ಯುದ್ಧಕ್ಕೆ ಹೋಗ್ಬಾರ್ದು, ಮನೇಲಿರೋರಿಗೇ ಏಟು ಬೀಳುತ್ತೆ.’ ಅಮ್ಮನ ಮಡಿಯ ನಿಯಮಗಳನ್ನು ಕೇಳಿ ಮೆಚ್ಚಿಕೊಂಡರು. ‘ಅಮ್ಮ ಒಳ್ಳೇ ಸ್ಟೂಡೆಂಟು. ಕೈ ತೊಳೆಯೋದ್ರಲ್ಲಿ ನಮ್ ನರ್ಸುಗಳಿಗಿಂತ ವಾಸಿ.’

ಅಮ್ಮನ ಮುಖ ಎಷ್ಟೋ ದಿನದ ಮೇಲೆ ಅರಳಿತು. ಹಾಲಿನಲ್ಲಿ ತನ್ನ ಮಂಚದ ಎದುರಿಗಿದ್ದ ಬೆತ್ತದ ಕುರ್ಚಿ ತೋರಿಸಿ, ‘ಕೂತ್ಕೊಳ್ಳಮ್ಮ’ ಎಂದಳು. ಅಕ್ಕ ಕೂತರು. ಅದೂ ಇದೂ ಮಾತಾಡುತ್ತ ಅಮ್ಮ ಕೇಳಿದಳು, ‘ನಿಮ್ ಮನೆದೇವ್ರು ಯಾವ್ದಮ್ಮ?’

ನಮ್ಮ ಕಡೆ ಜಾತಿ ಕೇಳುವವರು ಜಾತಿ ಎಂಬ ಪದ ಬಳಸುವುದಿಲ್ಲ. ಮನೆದೇವರನ್ನು ಕೇಳುತ್ತಾರೆ.

‘ಬುದ್ಧ, ಅಮ್ಮಾ’ ಎಂದರು ಅಕ್ಕ.

ಅಮ್ಮನಿಗೆ ಎಲ್ಲ ಅರ್ಥವಾಯಿತು. ಅಕ್ಕನಿಗೂ ಅಮ್ಮನಿಗೆ ಅರ್ಥವಾದದ್ದು ಅರ್ಥವಾಯಿತು. ಎರಡು ನಿಮಿಷ ಕೂತು, ರೈಲಿಗೆ ಹೊತ್ತಾಯಿತೆಂದು ಎದ್ದು ಹೋದರು. ಬಾಗಿಲು ಹಾಕಿ ಬಂದರೆ ಅಮ್ಮ ಮಂಚದ ಮೇಲಿಂದಲೇ, ‘ಆ ಕುರ್ಚಿಗೆ ಒಂಚೂರು ನೀರು ಹಾಕಿ ಒರೆಸ್ಬಿಡೇ’ ಎಂದಳು. ಕೂದಲು ಉದುರಿದ ತಲೆ, ಬಾಡಿದ ಮುಖ. ಈ ಸ್ಥಿತಿಯಲ್ಲಿ ಎಲ್ಲಿ ವಾದ ಮಾಡಲಿ ಎಂದುಕೊಂಡೆ. ಹೀಗೆ ಅಂದುಕೊಳ್ಳುವುದು ಬಹಳ ಸುಲಭ. ಚೊಂಬಿನಿಂದ ನೀರು ಚಿಮುಕಿಸಿ ಕುರ್ಚಿ ಒರೆಸತೊಡಗಿದೆ.

ಬಾಗಿಲು ತೆರೆಯಿತು. ಚಿಲಕ ಹಾಕಿರಲಿಲ್ಲ. ಅಕ್ಕ ಕೊಡೆ ಮರೆತಿದ್ದರು.

ನಾನು ಬಟ್ಟೆ ಹಿಡಿದು ಬಗ್ಗಿದವಳು ಹಾಗೆಯೇ ಇದ್ದೆ. ಅಕ್ಕ ಕುರ್ಚಿ ನೋಡಿದರು, ಬಟ್ಟೆ ನೋಡಿದರು. ಮೂಲೆಯ ಕೊಡೆ ಎತ್ತಿಕೊಂಡು, ಅಮ್ಮನ ಕಡೆ ತಿರುಗಿ, ಹೊಸ ಆಯಾಗಳಿಗೆ ಪಾಠ ಹೇಳುವ ಅದೇ ದನಿಯಲ್ಲಿ ಹೇಳಿದರು.

‘ನೀರ್ ಹಾಕಿ ತಕ್ಷಣ ಒರೆಸಿದ್ರೆ ಏನೂ ಹೋಗಲ್ಲ ಅಮ್ಮಾ. ಹತ್ತು ನಿಮಿಷ ಒದ್ದೆ ಬಿಡ್ಬೇಕು.’

ಹೋದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಸೋಮವಾರ ಬೆಳಿಗ್ಗೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅಂಗಡಿ ತೆರೆಯುವುದನ್ನೇ ಕಾದಿದ್ದು ಒಂದು ಒಳ್ಳೆಯ ಸೀರೆ ಕೊಂಡು ಆಸ್ಪತ್ರೆಗೆ ಹೋದೆ. ಸ್ಟೋರ್ ರೂಮಿನಲ್ಲಿ ಅಕ್ಕ ಬಕೆಟ್ಟುಗಳನ್ನು ಬೋರಲು ಹಾಕುತ್ತಿದ್ದರು.

‘ಇದ್ಯಾಕೆ ಮೇಡಂ?’

‘ನಿನ್ನೆ... ಸಾರಿ ಅಕ್ಕ.’

‘ಸಾರಿಗೆ ಸೀರೆನಾ?’ ಎಂದು ನಕ್ಕೇಬಿಟ್ಟರು. ಆಮೇಲೆ ಪೊಟ್ಟಣವನ್ನು ನನ್ನ ಕೈಗೇ ಇಟ್ಟು ಹೇಳಿದರು. ‘ಹಸಿರು ಬಕೆಟ್ಟೇ ಆಗಿಲ್ಲ, ಆಗ್ಲೇ ಕೆಂಪಿಗೆ ಹೋಗ್ತೀರಲ್ಲ ಮೇಡಂ. ಕೊಳೆ ಹಂಗೇ ಇಟ್ಕೊಂಡು ಮೇಲೆ ಔಷಧಿ ಸುರಿಯೋದಾ? ಬೇಡ. ಅಮ್ಮಂಗೂ ಏನೂ ಅನ್ಬೇಡಿ, ಕೀಮೋ ಆಗ್ತಿರೋ ಜೀವ. ಆದ್ರೆ ಬಟ್ಟೆ ಹಿಡ್ಕೊಂಡಿದ್ದು ಅಮ್ಮ ಅಲ್ವಲ್ಲಾ.’

ಇನ್ನು ಇವರು ನಮ್ಮ ಮನೆ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆ. ಮುಂದಿನ ಭಾನುವಾರ ಅದೇ ಹೊತ್ತಿಗೆ ಬಂದರು! ‘ಪೇಷೆಂಟ್ ಪೇಷೆಂಟೇ’ ಎಂದು ಒಳಗೆ ನಡೆದು ನಲ್ಲಿ, ಚಿಲಕ, ಮಣೆ ಎಲ್ಲ ನೋಡಿ, ಅಮ್ಮನ ಉಗುರು ನೋಡಿ, ನನಗೆ ಬೈದು ಹೋದರು. ಕೀಮೋ ಮುಗಿಯುವವರೆಗೆ ಆರು ತಿಂಗಳು ಒಂದು ಭಾನುವಾರವೂ ತಪ್ಪಿಸಲಿಲ್ಲ. ಕೂರಲಿಲ್ಲ ಅಷ್ಟೇ. ಕುರ್ಚಿ ತೋರಿಸಿದರೆ, ‘ಇರ್ಲಿ, ನಿಂತೇ ಇರ್ತೀನಿ’ ಎನ್ನುತ್ತಿದ್ದರು. ಗೋಡೆಗೆ ಒರಗಿಯೂ ನಿಲ್ಲುತ್ತಿರಲಿಲ್ಲ. ಆ ಹೊತ್ತಿನಲ್ಲಿ ಬೆತ್ತದ ಕುರ್ಚಿಯನ್ನು ನೋಡಲು ನನಗೆ ಧೈರ್ಯ ಬರುತ್ತಿರಲಿಲ್ಲ. ಇವರು ಒಂದೇ ಒಂದು ಸಲ ನಮ್ಮೆದುರು ಕೂತರೆ ಸಾಕು ಎಂದು, ಅಮ್ಮನ ಕಾಯಿಲೆಗೆ ಹೊತ್ತ ಹರಕೆಯ ಜೊತೆಗೆ ಇದನ್ನೂ ಸೇರಿಸಿಕೊಂಡೆ.

ನಾಲ್ಕೈದು ವಾರವಾದ ಮೇಲೆ ಅಮ್ಮ ಕೇಳಿದಳು, ‘ಆಯಮ್ಮ ಯಾಕೇ ಕೂರಲ್ಲ?’

‘ನಿಂಗೆ ಗೊತ್ತಿಲ್ವಾ?’

ಅಮ್ಮ ಗೋಡೆ ಕಡೆ ತಿರುಗಿ ಮಲಗಿದಳು. ಆಮೇಲೆ ಪ್ರತಿ ಭಾನುವಾರ ಅಕ್ಕ ನಿಂತಿದ್ದನ್ನು ಅಮ್ಮ ಮಂಚದಿಂದ ನೋಡುತ್ತಿರುತ್ತಿದ್ದಳು. ನನಗೆ ಸಿಸಿ ಕ್ಯಾಮೆರಾದ ದಿನ ಅಕ್ಕ ಡಾಕ್ಟರಿಗೆ ಕೊಟ್ಟ ಉತ್ತರ ನೆನಪಾಗುತ್ತಿತ್ತು.

ಅಮ್ಮನಿಗೆ ಆ ಆರು ತಿಂಗಳಲ್ಲಿ ಒಂದು ನೆಗಡಿ ಕೂಡ ಬರಲಿಲ್ಲ. ಕೂದಲು ಮತ್ತೆ ಬಂತು, ನಾಲಿಗೆಗೆ ರುಚಿ ಬಂತು. ದೇವರ ದಯೆ ಎಂದಳು ಅಮ್ಮ. ಅಕ್ಕನ ದಯೆ ಎಂದೆ ನಾನು. ಅಕ್ಕನನ್ನು ಕೇಳಿದರೆ ‘ಸೋಪು’ ಎಂದರು.

ಕೀಮೋ ಮುಗಿದ ಮೇಲೆ ಅವರ ಭಾನುವಾರದ ಬರುವಿಕೆಯೂ ನಿಂತಿತು. ನನ್ನ ಹರಕೆಯ ಅರ್ಧ ಹಾಗೇ ಉಳಿಯಿತು. ಆಸ್ಪತ್ರೆಯಲ್ಲಿ ಅಕ್ಕ ಎಂದಿನಂತೆಯೇ ಇದ್ದರು, ನನ್ನ ಜೊತೆ ನಗುತ್ತಿದ್ದರು, ಟೀ ಕುಡಿಯುತ್ತಿದ್ದರು. ಆ ಕುರ್ಚಿಯ ಮಾತನ್ನು ಅವರು ಎತ್ತಲಿಲ್ಲ. ಎತ್ತಬೇಕಾಗಿದ್ದವಳು ನಾನು. ದಿನ ಕಳೆದಷ್ಟೂ ಬಾಯಿ ಕಟ್ಟಿತು, ಬೀಳ್ಕೊಡುಗೆಯ ದಿನವೂ ಬಂದುಬಿಟ್ಟಿತು.

ಕೇಕು ಹಂಚುವಾಗ ಅಕ್ಕ, ಬರುವ ಭಾನುವಾರ ಮನೆಗೆ ಊಟಕ್ಕೆ ಬನ್ನಿ ಎಂದರು. ರಾತ್ರಿ ಮನೆಯಲ್ಲಿ ಹೇಳಿದೆ. ಅಮ್ಮ ಹೂಬತ್ತಿ ಹೊಸೆಯುತ್ತಿದ್ದವಳು ತಲೆ ಎತ್ತದೆ, ‘ನಾನೂ ಬರ್ತೀನಿ’ ಎಂದಳು. ನನ್ನ ಕಿವಿಯನ್ನೇ ನಾನು ನಂಬಲಿಲ್ಲ.

ಭಾನುವಾರ ಅಮ್ಮ ಎಂದಿನಂತೆ ಬಾಟಲಿಗೆ ನೀರು ತುಂಬಿ ಚೀಲಕ್ಕಿಟ್ಟುಕೊಂಡಳು. ಅದನ್ನು ನೋಡಿ ನನ್ನ ಉತ್ಸಾಹ ಅಲ್ಲೇ ಇಳಿಯಿತು. ಅಕ್ಕನ ಮನೆಯಲ್ಲಿ ಕೂತು ಚೀಲದಿಂದ ಬಾಟಲಿ ತೆಗೆದರೆ ನಾನು ಮುಖ ಎಲ್ಲಿಟ್ಟುಕೊಳ್ಳಲಿ? ಇಂದಿರಾನಗರದಲ್ಲಿ ಮೆಟ್ರೋ ಹತ್ತಿ ಕೆ.ಆರ್. ಪುರದಲ್ಲಿ ಇಳಿದು, ಆಟೋ ಹಿಡಿದು, ಆಟೋ ಹೋಗದ ಓಣಿಯಲ್ಲಿ ಬಿಸಿಲಲ್ಲಿ ನಡೆದೆವು. ದಾರಿಯುದ್ದಕ್ಕೂ ನನಗೆ ಆ ಬಾಟಲಿಯದೇ ಧ್ಯಾನ.

ಎರಡು ಕೋಣೆಯ ಮನೆ. ಗೋಡೆಯಲ್ಲಿ ಬುದ್ಧನ ಪಟ, ಅದರ ಪಕ್ಕ ಅಕ್ಕನ ತಂದೆಯ ಫೋಟೋ. ನೆಲ ಸ್ವಚ್ಛವಾಗಿತ್ತು, ಯಾವ ವಾಸನೆಯೂ ಇರಲಿಲ್ಲ. ಅಕ್ಕ ಅಮ್ಮನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ‘ಬನ್ನಿ ಅಮ್ಮಾ’ ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅಮ್ಮ ಒಳಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಸೆರಗಿನಿಂದ ಬೆವರು ಒತ್ತಿಕೊಂಡಳು.

‘ಬಾಯಾರಿತು. ಒಂದ್ ಲೋಟ ನೀರು ಕೊಡಮ್ಮ.’

ಅಭ್ಯಾಸಬಲದಿಂದ ನಾನು ಅಮ್ಮನ ಚೀಲಕ್ಕೆ ಕೈ ಹಾಕಿದೆ. ಅಮ್ಮ ಚೀಲದ ಬಾಯಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ‘ಅದಲ್ಲ’ ಎಂದಳು.

ಅಕ್ಕ ಗೂಡಿನಿಂದ ಸ್ಟೀಲಿನ ಲೋಟ ತೆಗೆದರು. ಸೋಪು ಹಚ್ಚಿ ಒಳಗೂ ಹೊರಗೂ ತೊಳೆದರು. ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನು ಅದರ ಮೇಲೆ ಸುರಿದರು. ಅಂಚು ಮುಟ್ಟದಂತೆ ಹಿಡಿದು ಜಾಲರಿಯ ಮೇಲೆ ಬೋರಲು ಹಾಕಿದರು.

‘ಬಟ್ಟೇಲಿ ಒರೆಸಲ್ಲ ಅಮ್ಮಾ, ತಾನಾಗೇ ಒಣಗ್ಬೇಕು. ಸ್ವಲ್ಪ ಹೊತ್ತು ಕಾಯ್ಬೇಕಾಗುತ್ತೆ.’

‘ಕಾಯ್ತೀನಿ’ ಎಂದಳು ಅಮ್ಮ. ‘ನಿನ್ನ ಆರು ತಿಂಗ್ಳು ನಿಲ್ಸಿದ್ದೆನಲ್ಲ ನಾನು. ತಪ್ಪಾಯ್ತಮ್ಮ.’

ಅಕ್ಕ ಇನ್ನೊಂದು ಕುರ್ಚಿ ಎಳೆದುಕೊಂಡು ಬಂದು ಅಮ್ಮನ ಪಕ್ಕದಲ್ಲಿ ಕೂತರು. ಲೋಟದ ಅಂಚಿನಿಂದ ನೀರು ಹನಿಹನಿಯಾಗಿ ಇಳಿಯುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಿದ್ದರು. ನನ್ನ ಕಣ್ಣು ಒದ್ದೆಯಾಗಿತ್ತು. ನಾನೂ ಒರೆಸಿಕೊಳ್ಳಲಿಲ್ಲ.